ಊರಿನ ದೋಣಿ, ಒಬ್ಬನ ಕಥೆ

‘ಮ್ಯಾಡಿಸನ್’ ಚಿತ್ರದ ಬಗ್ಗೆ ಎರಡು ತೀರ್ಪುಗಳು ಈಗಾಗಲೇ ಭದ್ರವಾಗಿ ನೆಲೆಯೂರಿವೆ. ಸಿನಿಮಾ ಬಲ್ಲವರು ಹೇಳುವುದು: ಇದು ‘ಹೂಸಿಯರ್ಸ್’ ಚಿತ್ರವನ್ನು ಬಾಸ್ಕೆಟ್‌ಬಾಲ್ ಅಂಗಳದಿಂದ ಎತ್ತಿ ನದಿಗೆ ಬಿಟ್ಟ ನಕಲು, ಭಾವುಕತೆ ಧಾರಾಳ, ಸ್ವಂತಿಕೆ ಕಡಿಮೆ. ದೋಣಿ ರೇಸ್ ಬಲ್ಲವರು ಹೇಳುವುದು: ದೋಣಿಗಳೇನೋ ಸೊಗಸು, ಇತಿಹಾಸ ಮಾತ್ರ ಅಡ್ಡಾದಿಡ್ಡಿ. ಒಬ್ಬರಿಗೆ ಸೂತ್ರ ಹಳತಾಯಿತೆಂಬ ದೂರು, ಇನ್ನೊಬ್ಬರಿಗೆ ವಿವರ ತಪ್ಪಾಯಿತೆಂಬ ದೂರು. ನನ್ನ ತಕರಾರು ಇಬ್ಬರ ಜೊತೆಗೂ ಇದೆ. ಈ ಚಿತ್ರದ ಮೇಲೆ ನನಗೆ ಮಮತೆಯಿದೆ; ಹೈಡ್ರೋಪ್ಲೇನ್ ಎಂಬ ವಿಚಿತ್ರ ರೇಸ್ ದೋಣಿಯನ್ನು ಇಷ್ಟು ಹತ್ತಿರದಿಂದ ತೋರಿಸಿದ ಕಥಾಚಿತ್ರ ನನಗೆ ಬೇರೆ ಸಿಕ್ಕಿಲ್ಲ. ಆದ್ದರಿಂದಲೇ ಅದರ ನಿಜವಾದ ಸೋಲು ಎಲ್ಲಿದೆ ಎಂಬುದನ್ನು ಸರಿಯಾಗಿ ಗುರುತಿಸಬೇಕು ಅನ್ನಿಸುತ್ತದೆ. ಅದು ಭಾವುಕತೆಯಲ್ಲೂ ಇಲ್ಲ, ತಪ್ಪು ತಾರೀಖಿನಲ್ಲೂ ಇಲ್ಲ. ಒಂದು ಊರು ಒಟ್ಟಾಗಿ ಸಂಪಾದಿಸಿದ್ದನ್ನು ಈ ಚಿತ್ರ ಒಂದು ಮನೆಯ ಆಸ್ತಿಯನ್ನಾಗಿ ಮಾಡಿತು.

ಕಥೆ ಗೊತ್ತಿರುವಂಥದೇ. 1971. ಇಂಡಿಯಾನಾ ರಾಜ್ಯದಲ್ಲಿ ಓಹಾಯೋ ನದಿಯ ದಡದ ಮ್ಯಾಡಿಸನ್, ಸುಮಾರು 13,000 ಜನರ ಊರು. ಅಪಘಾತದ ನಂತರ ಕಾಕ್‌ಪಿಟ್ ಬಿಟ್ಟಿದ್ದ ಹವಾನಿಯಂತ್ರಕ ರಿಪೇರಿಯ ಜಿಮ್ ಮೆಕಾರ್ಮಿಕ್ (ಜಿಮ್ ಕವೀಜೆಲ್), ಊರು ಬಿಟ್ಟು ಹೋಗೋಣ ಎನ್ನುವ ಹೆಂಡತಿ, ಅಪ್ಪನೇ ವೀರ ಎಂದು ನಂಬಿರುವ ಮಗ ಮೈಕ್. ಪ್ರತಿಷ್ಠಿತ ಗೋಲ್ಡ್ ಕಪ್ ಸ್ಪರ್ಧೆ ಈ ಬಡ ಊರಿಗೆ ಬರುತ್ತದೆ. ‘ಮಿಸ್ ಮ್ಯಾಡಿಸನ್’ ಎಂಬ ಹಳೆಯ ದೋಣಿಯಲ್ಲಿ ಜಿಮ್ ಮತ್ತೆ ಕೂತು ಗೆಲ್ಲುತ್ತಾನೆ. ವಿಲಿಯಂ ಬಿಂಡ್ಲಿ ನಿರ್ದೇಶಿಸಿದ ಈ ಚಿತ್ರ 2001ರಲ್ಲಿ ಸನ್‌ಡ್ಯಾನ್ಸ್ ಉತ್ಸವದಲ್ಲಿ ತೆರೆ ಕಂಡಿತು. ಚಿತ್ರಮಂದಿರಕ್ಕೆ ಬರಲು 2005ರ ಏಪ್ರಿಲ್ ಆಗಬೇಕಾಯಿತು. ಆ ಹೊತ್ತಿಗೆ ಕವೀಜೆಲ್ ‘ದಿ ಪ್ಯಾಷನ್ ಆಫ್ ದ ಕ್ರೈಸ್ಟ್’ನಲ್ಲಿ ಯೇಸುವಾಗಿ ಜಗತ್ತಿಗೆಲ್ಲ ಪರಿಚಿತನಾಗಿದ್ದ. ನಾಲ್ಕು ವರ್ಷ ಡಬ್ಬದಲ್ಲಿದ್ದ ಚಿತ್ರ ಕಳಪೆಯೇ ಇರಬೇಕು ಎಂಬ ಅನುಮಾನವನ್ನು ಹಲವರು ಹೊತ್ತುಕೊಂಡೇ ಅದನ್ನು ನೋಡಿದರು. ಆ ಅನುಮಾನ ತೀರ್ಪಿನೊಳಗೂ ಸೇರಿಕೊಂಡಿತು.

ಮೊದಲು ಸೂತ್ರದ ಮಾತು. ದುರ್ಬಲರ ಗೆಲುವಿನ ಕಥೆ ಸವೆದ ಜಾಡು ಎನ್ನುವವರಿಗೆ ನಾನು ‘ಲಗಾನ್’ ನೆನಪಿಸುತ್ತೇನೆ. ಅದೂ 2001ರ ಚಿತ್ರವೇ. ಅಲ್ಲಿಯೂ ಬಡ ಊರು, ಬಲಿಷ್ಠ ಎದುರಾಳಿ, ಅಸಾಧ್ಯದ ಪಂದ್ಯ, ಕೊನೆಯ ಕ್ಷಣದ ಗೆಲುವು. ಸೂತ್ರ ಎಳ್ಳಷ್ಟೂ ಬೇರೆಯಲ್ಲ. ಆದರೆ ಕಚ್ರಾ, ಗೋಲಿ, ಗುರನ್, ಇಸ್ಮಾಯಿಲ್, ಕೊನೆಗೆ ದ್ರೋಹಿ ಲಾಖಾನ ತನಕ ಪ್ರತಿಯೊಬ್ಬನಿಗೂ ಅಲ್ಲಿ ಒಂದು ಮುಖ ಇದೆ, ಒಂದು ಕಸುಬು ಇದೆ, ತಂಡಕ್ಕೆ ಬರಲು ಅವನದೇ ಕಾರಣ ಇದೆ. ಕಚ್ರಾನನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂಬ ಜಗಳದಲ್ಲಿ ಆ ಊರಿನ ಒಳಗಿನ ಬಿರುಕೇ ಬಯಲಾಗುತ್ತದೆ. ಭುವನ್ ನಾಯಕ, ಸರಿ. ಆದರೆ ಗೆಲುವಿನ ಒಡೆತನ ಅವನೊಬ್ಬನದಲ್ಲ. ಅದು ಪೂರ್ತಿ ಕಲ್ಪನೆಯಿಂದ ಹುಟ್ಟಿದ ಊರು. ಕಲ್ಪನೆಯ ಊರಿಗೆ ದಕ್ಕಿದ ಸಮುದಾಯ, ನಿಜವಾಗಿಯೂ ಇರುವ ಮ್ಯಾಡಿಸನ್‌ಗೆ ತೆರೆಯ ಮೇಲೆ ಯಾಕೆ ದಕ್ಕಲಿಲ್ಲ? ವಿಮರ್ಶಕರು ಕೇಳಬೇಕಿದ್ದ ಪ್ರಶ್ನೆ ಇದು. ಅವರು ಸೂತ್ರವನ್ನು ಬೈದು ಮುಂದೆ ಹೋದರು.

ಈ ಪ್ರಶ್ನೆ ಎಷ್ಟು ಭಾರವಾದದ್ದು ಎಂದು ತಿಳಿಯಲು ಆ ದೋಣಿ ಯಾರದಾಗಿತ್ತು ಎಂದು ನೋಡಬೇಕು. ಮಿಸ್ ಮ್ಯಾಡಿಸನ್ ಊರಿನ ಒಡೆತನದ್ದು. 1961ರಲ್ಲಿ, ಸ್ಯಾಮ್ಯುಯೆಲ್ ಡ್ಯೂಪಾಂಟ್ ಎಂಬ ಶ್ರೀಮಂತ ದೋಣಿ ಮಾಲೀಕರ ‘ನೈಟ್ರೋಜನ್’ ಊರಿನ ಕೈಗೆ ಬಂದು ಮೊದಲ ಮಿಸ್ ಮ್ಯಾಡಿಸನ್ ಆಯಿತು. 1971ರಲ್ಲಿ ಓಡಿದ್ದು ಎರಡನೆಯದು. ಮಿಷಿಗನ್‌ನ ಲೆಸ್ ಸ್ಟಾಡಾಕರ್ 1960ರಲ್ಲಿ ‘ನೈಟ್ರೋಜನ್ ಟೂ’ ಎಂಬ ಹೆಸರಿನಲ್ಲಿ ಕಟ್ಟಿದ ದೋಣಿ. ಅಂದರೆ ಗೋಲ್ಡ್ ಕಪ್ ದಿನ ಅದರ ವಯಸ್ಸು 11. ಎದುರಿಗಿದ್ದವುಗಳ ಹೆಸರು ನೋಡಿ: ಮಿಸ್ ಬಡ್‌ವೈಸರ್, ಅಟ್ಲಾಸ್ ವ್ಯಾನ್ ಲೈನ್ಸ್, ಪ್ರೈಡ್ ಆಫ್ ಪೇ ಎನ್ ಪ್ಯಾಕ್. ಒಂದು ಬಿಯರ್ ಕಂಪನಿ, ಒಂದು ಸಾಗಣೆ ಕಂಪನಿ, ಒಂದು ಹಾರ್ಡ್‌ವೇರ್ ಮಳಿಗೆಗಳ ಸರಪಳಿ. ಇವುಗಳ ನಡುವೆ ಒಂದು ಪುರಸಭೆಯ ಹೆಸರು ಹೊತ್ತ ದೋಣಿ. ಕೆಟ್ಟರೆ ಊರೇ ದುಡ್ಡು ಹೊಂದಿಸಬೇಕು, ಮುಳುಗಿದರೆ ಊರೇ ಎತ್ತಬೇಕು. ಇದೊಂದು ಸಂಸ್ಥೆ. ಸಂಸ್ಥೆ ಎಂದಮೇಲೆ ವಾದ, ಲೆಕ್ಕ, ಮುನಿಸು, ಚಂದಾ ಎತ್ತುವ ಕೆಲಸ, ‘ಈ ವರ್ಷ ಬೇಡ’ ಎನ್ನುವವರು, ‘ಬೇಕೇ ಬೇಕು’ ಎನ್ನುವವರು. ಕಥೆಗಾರನಿಗೆ ಇದಕ್ಕಿಂತ ಫಲವತ್ತಾದ ನೆಲ ಸಿಗುವುದು ಅಪರೂಪ.

ಚಿತ್ರದಲ್ಲಿ ಇದೆಲ್ಲ ಇಲ್ಲವೇ ಇಲ್ಲ ಎಂದರೆ ಅನ್ಯಾಯವಾಗುತ್ತದೆ. ಪಾಲ್ ಡೂಲಿ ನಟಿಸಿರುವ ಮೇಯರ್ ಇದ್ದಾನೆ, ಹಣದ ಪರದಾಟ ಇದೆ, ದಡದಲ್ಲಿ ಕೈಬೀಸುವ ಜನ ಇದ್ದಾರೆ. ಆದರೆ ಇವರೆಲ್ಲ ಜಿಮ್‌ನ ಮನಸ್ಸಿನ ಏರಿಳಿತಕ್ಕೆ ಹಿನ್ನೆಲೆಯಾಗಿ ಬರುತ್ತಾರೆ. ಅವನು ಕುಗ್ಗಿದಾಗ ಊರು ಕುಗ್ಗುತ್ತದೆ, ಅವನು ಎದ್ದಾಗ ಊರು ಏಳುತ್ತದೆ. ಊರಿಗೆ ಅವನಿಂದ ಬೇರೆಯಾದ ಒಂದು ಇಚ್ಛೆಯೇ ಇಲ್ಲ. ದೋಣಿ ಊರಿನದು ಎಂಬ ಮಾತು ಸಂಭಾಷಣೆಯಲ್ಲಿದೆ, ದೃಶ್ಯದ ರಚನೆಯಲ್ಲಿಲ್ಲ.

ಇಲ್ಲಿ ದೋಣಿ ರೇಸ್ ಬಲ್ಲವರ ದೂರಿಗೆ ಬರುತ್ತೇನೆ. ಅವರು ಹೇಳುವ ತಪ್ಪುಗಳಲ್ಲಿ ಹೆಚ್ಚಿನವು ನನಗೆ ಮುಖ್ಯವಲ್ಲ. ಸಿನಿಮಾ ಪಂಚಾಂಗವಲ್ಲ. ಆದರೆ ಒಂದು ಬದಲಾವಣೆಯನ್ನು ಅವರು ಸಣ್ಣ ತಪ್ಪುಗಳ ಪಟ್ಟಿಯಲ್ಲಿ ಸೇರಿಸಿ ಅದರ ಗಾಂಭೀರ್ಯವನ್ನೇ ಕಡಿಮೆ ಮಾಡಿಬಿಟ್ಟಿದ್ದಾರೆ. ನಿಜವಾದ ಜಿಮ್ ಮೆಕಾರ್ಮಿಕ್ ಮ್ಯಾಡಿಸನ್‌ನವರಲ್ಲ. ಅವರು ಕೆಂಟಕಿ ರಾಜ್ಯದ ಓವೆನ್ಸ್‌ಬರೋದವರು. ಅದೂ ಓಹಾಯೋ ನದಿಯ ಮೇಲಿನ ಊರೇ, ಆದರೆ ಕೆಳಹರಿವಿನಲ್ಲಿ ಬಹು ದೂರ, ಬೇರೆ ರಾಜ್ಯ. 1966ರಲ್ಲಿ ಈ ದರ್ಜೆಯ ರೇಸಿಗೆ ಬಂದಾಗ ಅವರು ಹಿಡಿದದ್ದು ಮಿಸ್ ಮ್ಯಾಡಿಸನ್‌ನ ಚುಕ್ಕಾಣಿಯನ್ನೇ. 1971ರಲ್ಲಿ ಆ ದೋಣಿಯ ಚಾಲಕರೂ ಅವರೇ. ಕೊನೆಯ ಗಳಿಗೆಯಲ್ಲಿ ಹೆದರಿಕೆ ಗೆದ್ದು ಕಾಕ್‌ಪಿಟ್ಟಿಗೆ ಮರಳಿದ ಊರಮಗ ಎಂಬುದು ಚಿತ್ರ ಕಟ್ಟಿದ ಕಥೆ.

ಇದು ಸಣ್ಣ ಸ್ವಾತಂತ್ರ್ಯವಲ್ಲ. ಚಿತ್ರದ ಇಡೀ ನೈತಿಕ ಅರ್ಥ ಇದರಿಂದ ಮಗುಚಿಕೊಳ್ಳುತ್ತದೆ. ತೆರೆಯ ಮೇಲೆ ಜಿಮ್ ಊರಿಗಾಗಿ ದೋಣಿ ಓಡಿಸುತ್ತಾನೆ, ಏಕೆಂದರೆ ಅಲ್ಲಿ ಅವನ ಬೇರಿದೆ, ಅಲ್ಲೇ ಅವನ ಮಗ ಬೆಳೆಯಬೇಕು. ನಿಜದಲ್ಲಿ ಒಂದು ಊರು ತನ್ನ ದೋಣಿಯನ್ನು, ತನ್ನ ಮರ್ಯಾದೆಯನ್ನು, ಬೇರೆ ರಾಜ್ಯದವನೊಬ್ಬನ ಕೈಗೆ ಒಪ್ಪಿಸಿತು. ಅವರು ತಮ್ಮದಲ್ಲದ ಊರಿಗಾಗಿ ಪ್ರಾಣ ಒತ್ತೆಯಿಟ್ಟು ಓಡಿಸಿದರು. ಹುಟ್ಟಿನಿಂದ ಬಂದ ನಂಟಿಗಿಂತ ಕೆಲಸದಿಂದ, ನಂಬಿಕೆಯಿಂದ ಕಟ್ಟಿಕೊಂಡ ನಂಟು ನನ್ನ ಕಣ್ಣಿಗೆ ದೊಡ್ಡದು, ನಾಟಕೀಯವಾಗಿಯೂ ದೊಡ್ಡದು. ಬಿಂಡ್ಲಿ ಆ ದೊಡ್ಡದನ್ನು ಕೈಬಿಟ್ಟು ಸುಲಭದ್ದನ್ನು ಆರಿಸಿಕೊಂಡರು.

‘ಹೂಸಿಯರ್ಸ್’ ಹೋಲಿಕೆ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ, ಆದರೆ ವಿಮರ್ಶಕರು ಬಳಸಿದ ರೀತಿಯಲ್ಲಲ್ಲ. ಡೇವಿಡ್ ಆನ್‌ಸ್ಪಾ ಅವರ ಆ 1986ರ ಚಿತ್ರದ ಹಿಂದೆಯೂ ಇಂಡಿಯಾನಾದ ನಿಜಘಟನೆಯೊಂದಿದೆ: 1954ರಲ್ಲಿ ಮಿಲನ್ ಎಂಬ ಪುಟ್ಟ ಊರಿನ ಶಾಲೆ ರಾಜ್ಯದ ಬಾಸ್ಕೆಟ್‌ಬಾಲ್ ಪಟ್ಟ ಗೆದ್ದದ್ದು. ಆದರೆ ಚಿತ್ರ ಊರಿನ ಹೆಸರನ್ನು ಹಿಕರಿ ಎಂದು ಬದಲಿಸಿತು, ಆಟಗಾರರನ್ನು ಹೊಸದಾಗಿ ಸೃಷ್ಟಿಸಿತು. ಹಾಗೆ ತನ್ನ ಸ್ವಾತಂತ್ರ್ಯವನ್ನು ಪ್ರಾಮಾಣಿಕವಾಗಿ ಕೊಂಡುಕೊಂಡಿತು. ‘ಮ್ಯಾಡಿಸನ್’ ಊರಿನ ಹೆಸರು, ದೋಣಿಯ ಹೆಸರು, ಚಾಲಕನ ಹೆಸರು, ಮೆಕ್ಯಾನಿಕ್‌ಗಳಾದ ಟೋನಿ ಸ್ಟೈನ್‌ಹಾರ್ಟ್, ಹ್ಯಾರಿ ವೋಲ್ಪಿ ಅವರ ಹೆಸರು, ಎಲ್ಲವನ್ನೂ ಉಳಿಸಿಕೊಂಡಿದೆ. ಹೆಸರು ಉಳಿಸಿಕೊಂಡವನಿಗೆ ಋಣವೂ ಉಳಿಯುತ್ತದೆ.

ಇನ್ನು ಪವಾಡದ ಮಾತು. ಚಿತ್ರದ ಪ್ರಕಾರ 1971ರ ಜುಲೈ 4ರಂದು ನಡೆದದ್ದು ಪವಾಡ. ಚಿತ್ರವನ್ನು ಹೀಯಾಳಿಸುವವರೂ ಇದನ್ನು ಒಪ್ಪಿಕೊಳ್ಳುತ್ತಾರೆ. ನಿಜವಾಗಿ ನಡೆದ ಪವಾಡವನ್ನು ಸಿನಿಮಾ ಅತಿಯಾಗಿ ತೋರಿಸಿತು ಎಂಬುದಷ್ಟೇ ಅವರ ಆಕ್ಷೇಪ. ನಾನು ಪವಾಡವನ್ನೇ ಒಪ್ಪುವುದಿಲ್ಲ. ಗೋಲ್ಡ್ ಕಪ್ ಮ್ಯಾಡಿಸನ್‌ಗೆ ಬಂದದ್ದರಲ್ಲಿ ಅದೃಷ್ಟವಿತ್ತು, ಅದು ಸರಿ. 1904ರಿಂದ ನಡೆಯುತ್ತಿರುವ ಈ ಸ್ಪರ್ಧೆ ಹೆಚ್ಚು ಹಣ ಕೂಗಿದ ಊರಿಗೆ ಹೋಗುತ್ತಿತ್ತು. ಹಿಂದಿನ ಎರಡು ವರ್ಷ ಸ್ಯಾನ್ ಡಿಯಾಗೋದಂಥ ಮಹಾನಗರದಲ್ಲಿ ನಡೆದಿತ್ತು. ಆ ವರ್ಷ ತಾಂತ್ರಿಕ ಗೊಂದಲದಿಂದಾಗಿ ಗಡುವಿನೊಳಗೆ ತಲುಪಿದ ಒಂದೇ ಅರ್ಜಿ ಮ್ಯಾಡಿಸನ್‌ನದು, 30,000 ಡಾಲರಿನದು. ಆದರೆ ಅರ್ಜಿ ಹಾಕಿದ್ದು ಅದೃಷ್ಟವಲ್ಲ. ದೊಡ್ಡ ನಗರಗಳ ನಡುವೆ ತನಗೆ ಸಿಗಲಾರದು ಎಂದು ಗೊತ್ತಿದ್ದೂ ಸಮಯಕ್ಕೆ ಸರಿಯಾಗಿ ಕಾಗದ ಕಳಿಸಿದ ಊರು ಅದು.

ಗೆಲುವಿನ ಕಥೆಯೂ ಹೀಗೆಯೇ. ಈ ಕ್ರೀಡೆಯಲ್ಲಿ ಒಂದೇ ಓಟದಲ್ಲಿ ಹಣೆಬರಹ ತೀರ್ಮಾನವಾಗುವುದಿಲ್ಲ. ಹೀಟ್‌ಗಳೆಂಬ ಸುತ್ತುಗಳಿರುತ್ತವೆ, ಪ್ರತಿ ಹೀಟ್‌ನಲ್ಲಿ ಮೊದಲ ಸ್ಥಾನಕ್ಕೆ 400 ಅಂಕ, ಎರಡನೆಯದಕ್ಕೆ 300, ಮೂರನೆಯದಕ್ಕೆ 225, ಹೀಗೆ ಇಳಿಯುತ್ತದೆ. ದಿನವಿಡೀ ಕೆಡದೆ ಓಡುವ ದೋಣಿಗೆ ಇಲ್ಲಿ ಬೆಲೆ. ಒಂದು ಹೀಟ್‌ನಲ್ಲಿ ಮಿಂಚಿ ಮುಂದಿನದರಲ್ಲಿ ಎಂಜಿನ್ ಸುಟ್ಟುಕೊಳ್ಳುವ ದೋಣಿಗಿಂತ, ಎಲ್ಲದರಲ್ಲೂ ದಡ ಸೇರುವ ದೋಣಿ ಲಾಭದಲ್ಲಿರುತ್ತದೆ. ಹಳೆಯ ಮರದ ಒಡಲನ್ನೂ, ಹಳೆಯ ಎಂಜಿನ್ನನ್ನೂ ಕೈಬೆರಳಿನಷ್ಟು ಪರಿಚಯ ಮಾಡಿಕೊಂಡಿದ್ದ ತಂಡಕ್ಕೆ ಈ ಪದ್ಧತಿ ಒಗ್ಗುವಂಥದು. ಕೊನೆಯ ಹೀಟ್‌ನಲ್ಲಿ ಮೆಕಾರ್ಮಿಕ್ ಎದುರಾಳಿಗಳನ್ನೆಲ್ಲ ಹಿಂದಿಕ್ಕಿದರು.  ಆ ಓಟ ನಿಜಕ್ಕೂ ರೋಮಾಂಚಕ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಚಿತ್ರ ಅಲ್ಲಿಗೆ ನಿಲ್ಲುತ್ತದೆ, ಇತಿಹಾಸ ನಿಲ್ಲುವುದಿಲ್ಲ. ಮುಂದಿನ ಸ್ಪರ್ಧೆ ವಾಷಿಂಗ್ಟನ್ ರಾಜ್ಯದ ಟ್ರೈ-ಸಿಟೀಸ್‌ನಲ್ಲಿ, ಕೊಲಂಬಿಯಾ ನದಿಯಲ್ಲಿ ನಡೆದ ಅಟಾಮಿಕ್ ಕಪ್. ಮನೆಯ ನೀರಿಲ್ಲ, ಮನೆಯ ಜನರಿಲ್ಲ. ಅಲ್ಲಿಯೂ ಗೆದ್ದದ್ದು ಮಿಸ್ ಮ್ಯಾಡಿಸನ್. ಆ ಋತುವಿನ ರಾಷ್ಟ್ರೀಯ ಅಂಕಪಟ್ಟಿಯಲ್ಲಿ ಅದು ಎರಡನೆಯ ಸ್ಥಾನಕ್ಕೆ ಬಂತು. ಪವಾಡ ಬೆನ್ನುಬೆನ್ನಿಗೆ ಎರಡು ಸಲ ನಡೆಯುವುದಿಲ್ಲ. ಎರಡು ಸಲ ನಡೆದರೆ ಅದಕ್ಕೆ ಕಸುಬುದಾರಿಕೆ ಎನ್ನಬೇಕು.

ಆ ಕಸುಬುದಾರಿಕೆಯ ಕೇಂದ್ರದಲ್ಲಿ ಒಂದು ಎಂಜಿನ್ ಇತ್ತು. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ಯುದ್ಧವಿಮಾನದ ಎಂಜಿನ್‌ಗಳು ರಾಶಿ ಬಿದ್ದಿದ್ದವು. ಅವನ್ನು ದೋಣಿಗೆ ಕೂರಿಸಿದವರಿಂದಲೇ ಈ ಕ್ರೀಡೆಯ ದೊಡ್ಡ ಕಾಲ ಶುರುವಾದದ್ದು. 1950ರಲ್ಲಿ ಸಿಯಾಟಲ್‌ನ ‘ಸ್ಲೋ-ಮೋ-ಶನ್ 4’ ಅಂಥದೇ ಎಂಜಿನ್‌ನಿಂದ ಗಂಟೆಗೆ 160 ಮೈಲಿ ದಾಟಿತು. ವಿನ್ಯಾಸದ ಗುಟ್ಟು ಸರಳ: ಮುಂದೆ ಸ್ಪಾನ್ಸನ್ ಎಂಬ ಎರಡು ಚಾಚುಗಳು, ಹಿಂದೆ ಅರ್ಧ ಮಾತ್ರ ಮುಳುಗಿದ ಪ್ರೊಪೆಲ್ಲರ್, ವೇಗದಲ್ಲಿ ದೋಣಿ ನೀರನ್ನು ಮುಟ್ಟುವುದು ಈ ಮೂರು ಕಡೆ ಮಾತ್ರ, ಉಳಿದ ಮೈ ಗಾಳಿಯ ಮೇಲೆ. 1971ರ ಹೊತ್ತಿಗೆ ಹಣವಿದ್ದ ತಂಡಗಳು ರೋಲ್ಸ್-ರಾಯ್ಸ್ ಮರ್ಲಿನ್‌ಗೆ ಬದಲಾಗಿದ್ದವು. ಮಿಸ್ ಮ್ಯಾಡಿಸನ್ ಮಾತ್ರ ಆಲಿಸನ್ ವಿ-1710 ಬಿಟ್ಟಿರಲಿಲ್ಲ: 12 ಸಿಲಿಂಡರ್, 28 ಲೀಟರ್, ಪಿ-38 ಮತ್ತು ಪಿ-40 ವಿಮಾನಗಳ ಎಂಜಿನ್. ಆಲಿಸನ್ ಕಾರ್ಖಾನೆ ಇದ್ದದ್ದು ಇಂಡಿಯಾನಾಪೊಲಿಸ್‌ನಲ್ಲಿ. ಇಂಡಿಯಾನಾದ ಊರಿನ ದೋಣಿ, ಇಂಡಿಯಾನಾದ ಕಾರ್ಮಿಕರು ಯುದ್ಧಕ್ಕಾಗಿ ಎರಕ ಹೊಯ್ದ ಎಂಜಿನ್‌ನಿಂದ, ಕಾಲು ಶತಮಾನದ ನಂತರ, ಇಂಗ್ಲಿಷ್ ವಿನ್ಯಾಸದ ಮರ್ಲಿನ್‌ಗಳನ್ನು ಸೋಲಿಸಿತು. ಚಿತ್ರದಲ್ಲಿ ಎಂಜಿನ್‌ಗಾಗಿ ಪರದಾಟವಿದೆ, ಬ್ರೂಸ್ ಡರ್ನ್ ತೂಕದಿಂದ ನಟಿಸಿರುವ ವೋಲ್ಪಿ ಪಾತ್ರವಿದೆ. ಆದರೆ ಎಂಜಿನ್ ಎಲ್ಲಿಂದ ಬಂತು, ಯಾರ ಕೈ ಅದನ್ನು ಮಾಡಿತು ಎಂಬ ಚರಿತ್ರೆ ಕಥೆಯಾಗಿ ಬೆಳೆಯುವುದಿಲ್ಲ. ಕೆಲಸ ಕಳೆದುಕೊಳ್ಳುತ್ತಿರುವ ಊರಿನ ಬಗ್ಗೆ ಮರುಗುವ ಚಿತ್ರ, ಆ ಪ್ರದೇಶದ ಕೈಗಳು ಒಮ್ಮೆ ಏನು ಮಾಡಿದ್ದವು ಎಂಬುದನ್ನು ತೋರಿಸುವ ಅವಕಾಶ ಕಳೆದುಕೊಂಡಿತು.

ಸಾವಿನ ವಿಷಯದಲ್ಲೂ ಇಂಥದೇ ಕುಗ್ಗಿಸುವಿಕೆ ಇದೆ. ಚಿತ್ರದಲ್ಲಿ ಭಯವೆಂದರೆ ಜಿಮ್‌ನ ಖಾಸಗಿ ಗಾಯ. ಆದರೆ ಆ ದಶಕದ ಭಯ ಸಾರ್ವಜನಿಕವಾಗಿತ್ತು. 1966ರ ಜೂನ್ 19ರಂದು ರಾಜಧಾನಿ ವಾಷಿಂಗ್ಟನ್‌ನ ಪೊಟೊಮ್ಯಾಕ್ ನದಿಯಲ್ಲಿ ಒಂದೇ ದಿನ ರಾನ್ ಮಸನ್, ರೆಕ್ಸ್ ಮ್ಯಾಂಚೆಸ್ಟರ್, ಡಾನ್ ವಿಲ್ಸನ್ ಎಂಬ ಮೂವರು ಚಾಲಕರು ಸತ್ತರು. ಎರಡು ವಾರದಲ್ಲಿ ಡೆಟ್ರಾಯಿಟ್‌ನಲ್ಲಿ ಚಕ್ ಥಾಂಪ್ಸನ್. ಮೆಕಾರ್ಮಿಕ್ ಕಾಲಿಟ್ಟದ್ದು ಆ ವರ್ಷವೇ. ಅಂಥ ವರ್ಷದಲ್ಲಿ ಶುರುಮಾಡಿ ಮುಂದುವರಿದವರ ಧೈರ್ಯವನ್ನು ಹೆಂಡತಿಯ ಮುನಿಸಿನ ಎದುರು ಅಳೆಯುವುದು ಅದನ್ನು ಕಿರಿದು ಮಾಡಿದಂತೆ. ಗೆಲುವಿನ ಆಚೆಗೂ ಇದೇ ಚರಿತ್ರೆ ಮುಂದುವರಿಯಿತು. 1974ರಲ್ಲಿ ಮಯಾಮಿಯ ಅಪಘಾತ ಮೆಕಾರ್ಮಿಕ್ ಅವರ ರೇಸಿಂಗ್ ಬದುಕನ್ನು ಮುಗಿಸಿತು. ಬದುಕಿನಲ್ಲಿ ಎಂಟು ಸಲ ಗೋಲ್ಡ್ ಕಪ್ ಗೆದ್ದ ಬಿಲ್ ಮನ್ಸಿ 1981ರಲ್ಲಿ ಅಕಪುಲ್ಕೊದಲ್ಲಿ, ಡೀನ್ ಚೆನೊವೆತ್ 1982ರಲ್ಲಿ ಟ್ರೈ-ಸಿಟೀಸ್‌ನಲ್ಲಿ, ದೋಣಿ ಗಾಳಿಗೆದ್ದು ಹಿಂದಕ್ಕೆ ಮಗುಚಿ ಪ್ರಾಣ ಬಿಟ್ಟರು. 1986ರಲ್ಲಿ ಮಿಸ್ ಬಡ್‌ವೈಸರ್ ಎಫ್-16 ವಿಮಾನದ ಮುಚ್ಚಳವನ್ನು ಚಾಲಕನ ಮೇಲೆ ಕೂರಿಸಿದ ಮೇಲೆಯೇ ಪರಿಸ್ಥಿತಿ ಬದಲಾಗತೊಡಗಿದ್ದು.

ಇಷ್ಟೆಲ್ಲ ಹೇಳಿಯೂ ಚಿತ್ರವನ್ನು ನಾನು ಬಿಟ್ಟುಕೊಡುವುದಿಲ್ಲ. ಅದರ ವಿರೋಧಿಗಳು ‘ದೋಣಿಗಳೇನೋ ಸೊಗಸು’ ಎಂದು ಒಂದು ವಾಕ್ಯದಲ್ಲಿ ಮುಗಿಸುವ ಮಾತೇ ನನಗೆ ಅದರ ಮುಖ್ಯ ಸಾಧನೆ. ಜೀರ್ಣೋದ್ಧಾರಗೊಂಡ ಹಳೆಯ ದೋಣಿಗಳು ಅಲ್ಲಿ ನಿಜವಾದ ನದಿಯಲ್ಲಿ, ಅದೇ ಊರಿನ ಮುಂದೆ ಓಡಿವೆ. ಆ ಕಾಲದ ವಿನ್ಯಾಸದಲ್ಲಿ ಚಾಲಕ ಎಂಜಿನ್‌ನ ಹಿಂದೆ, ತೆರೆದ ಕಾಕ್‌ಪಿಟ್‌ನಲ್ಲಿ ಕೂರುತ್ತಿದ್ದ; ಮುಖಕ್ಕೆ ಶಾಖ, ಎಣ್ಣೆ, ನೀರು. ಹಿಂದೆ ಪ್ರೊಪೆಲ್ಲರ್ ಎಬ್ಬಿಸುವ ‘ರೂಸ್ಟರ್ ಟೇಲ್’ ಎಂಬ ನೀರಿನ ಗೋಡೆ. ಪಕ್ಕದ ದೋಣಿಯದು ಮೈಮೇಲೆ ಬಿದ್ದರೆ ಎಂಜಿನ್ ಮುಳುಗಿ ನಿಂತೇಬಿಡಬಹುದು. ತಿರುವಿನಲ್ಲಿ ಯಾರಿಗೆ ಒಳ ಲೇನ್ ಎಂಬುದು ಯಾಕೆ ಅಷ್ಟು ಮುಖ್ಯ ಎಂಬುದು ಈ ನೀರನ್ನು ನೋಡಿದವನಿಗೆ ಮಾತ್ರ ಅರ್ಥವಾಗುತ್ತದೆ, ಚಿತ್ರ ಅದನ್ನು ತೋರಿಸುತ್ತದೆ. ಇವತ್ತಿನ ಸ್ಪರ್ಧೆಗಳಲ್ಲಿ ಓಡುವುದು ಚಿನೂಕ್ ಹೆಲಿಕಾಪ್ಟರ್‌ನ ಟರ್ಬೈನ್‌ಗಳು. ಪಿಸ್ಟನ್ ಎಂಜಿನ್‌ಗಳ ಯುಗದ ಮೈಕಟ್ಟನ್ನು, ಚಲನೆಯನ್ನು ಇಷ್ಟು ದೊಡ್ಡ ತೆರೆಗೆ ಉಳಿಸಿಟ್ಟದ್ದಕ್ಕೆ ಬಿಂಡ್ಲಿಗೆ ಕೃತಜ್ಞತೆ ಸಲ್ಲಬೇಕು.

ಆದರೆ ಊರನ್ನು ನೋಡುವ ಕಣ್ಣು? ಇದೇ ಮ್ಯಾಡಿಸನ್‌ನ ಬೀದಿಗಳಲ್ಲಿ 1958ರಲ್ಲಿ ವಿನ್ಸೆಂಟ್ ಮಿನೆಲ್ಲಿ ‘ಸಮ್ ಕೇಮ್ ರನ್ನಿಂಗ್’ ಚಿತ್ರೀಕರಿಸಿದ್ದರು, ಫ್ರ್ಯಾಂಕ್ ಸಿನಾಟ್ರಾ ಜೊತೆ. ಅಲ್ಲಿ ಈ ಊರಿಗೆ ಬೇರೆ ಹೆಸರು. ಅದರ ಸಭ್ಯರು ಆಷಾಢಭೂತಿಗಳು, ಅದರ ಅಂದದ ಮನೆಗಳ ಒಳಗೆ ಉಸಿರುಗಟ್ಟುತ್ತದೆ. ನಾಲ್ಕು ದಶಕದ ನಂತರ ಬಂದ ಕ್ಯಾಮೆರಾಗೆ ಅವೇ ಇಟ್ಟಿಗೆಯ ಕಟ್ಟಡಗಳು ಬರೀ ಹೊಂಬಣ್ಣದ ನೆನಪು. ಊರಿನ ಒಳಗೆ ಜಗಳವಿದೆ ಎಂದು ಒಪ್ಪಿಕೊಳ್ಳುವ ಧೈರ್ಯ ಮಿನೆಲ್ಲಿಯ ಕಲ್ಪಿತ ಕಥೆಗಿತ್ತು. ಊರನ್ನು ಪ್ರೀತಿಸುತ್ತೇನೆ ಎನ್ನುವ ಚಿತ್ರಕ್ಕೆ ಆ ಧೈರ್ಯ ಬರಲಿಲ್ಲ.

ಒಂದು ಪ್ರತಿವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಇದು ಮಗನ ನೆನಪಿನ ಕಥೆ. ಬೆಳೆದ ಮೈಕ್‌ನ ನಿರೂಪಣೆ, ಜಾನ್ ಮೆಲೆನ್‌ಕ್ಯಾಂಪ್ ದನಿಯಲ್ಲಿ. ಹತ್ತು ವರ್ಷದ ಹುಡುಗನಿಗೆ ಊರೆಂದರೆ ಅಪ್ಪನ ಹಿನ್ನೆಲೆಯೇ ಅಲ್ಲವೇ? ಹೌದು. ಆದರೆ ನಿರೂಪಿಸುವವನು ಹುಡುಗನಲ್ಲ, ದೊಡ್ಡವನಾದ ಮೈಕ್. ಅಪ್ಪನ ಸುತ್ತ ಇನ್ನೂ ಯಾರೆಲ್ಲ ಇದ್ದರು, ಆ ದೋಣಿಗೆ ಯಾರೆಲ್ಲ ಕೈಹಚ್ಚಿದರು ಎಂದು ಕಾಣುವಷ್ಟು ದೂರ ಕಾಲ ಅವನನ್ನು ಕೊಂಡೊಯ್ದಿರಬೇಕಿತ್ತು. ಚಿತ್ರ ಅವನಿಗೆ ದೊಡ್ಡವನ ದನಿ ಕೊಟ್ಟಿತು, ದೊಡ್ಡವನ ನೋಟ ಕೊಡಲಿಲ್ಲ.

ಮ್ಯಾಡಿಸನ್‌ನ ಜನ ಒಂದು ಗೆಲುವನ್ನು ನೆನೆಯುತ್ತ ಕೂರಲೂ ಇಲ್ಲ. 1973ರಲ್ಲಿ ರಾನ್ ಜೋನ್ಸ್ ರೂಪಿಸಿದ, ಹಿಂದೆ ರೆಕ್ಕೆಯಿದ್ದ ಪ್ರಸಿದ್ಧ ಪೇ ಎನ್ ಪ್ಯಾಕ್ ದೋಣಿಯನ್ನು 1978ರಲ್ಲಿ ತಮ್ಮದಾಗಿಸಿಕೊಂಡು, ಮಿಸ್ ಮ್ಯಾಡಿಸನ್ ಎಂದು ಹೆಸರಿಟ್ಟು ಒಂದು ದಶಕ ಓಡಿಸಿದರು. ಆಮೇಲೆ ಟರ್ಬೈನ್ ಯುಗಕ್ಕೂ ದಾಟಿದರು. ಚಿತ್ರ ಬಿಡುಗಡೆಯಿಲ್ಲದೆ ಕಾಯುತ್ತಿದ್ದ 2001ರ ಬೇಸಿಗೆಯಲ್ಲಿ, ಚಾರ್ಲಿ ವಿಗ್ಗಿನ್ಸ್ ಚಾಲಕರಾಗಿ, ಊರಿನ ದೋಣಿ ಊರಿನ ನೀರಿನಲ್ಲಿ 30 ವರ್ಷಗಳ ನಂತರ ಮತ್ತೆ ಗೆದ್ದಿತು.